ಎಸ್‌ಕ್ಯೂಎಲ್ ಫಾರ್ಮ್ಯಾಟರ್ ಪ್ಲಗಿನ್: ಎರಡು ವರ್ಷ ಬಳಸಿದ ಮೇಲೆ

ಬೆಳಿಗ್ಗೆ ಕೂತ ತಕ್ಷಣ ನಾನು ಮಾಡುವ ಮೊದಲ ಕೆಲಸ ಹಿಂದಿನ ರಾತ್ರಿಯ ಲಾಗ್ ತೆರೆಯುವುದು. ನಿಧಾನವಾಗಿ ಓಡಿದ ಕ್ವೆರಿ (ಡೇಟಾಬೇಸ್‌ಗೆ ಎಸ್‌ಕ್ಯೂಎಲ್ ಭಾಷೆಯಲ್ಲಿ ಕೊಡುವ ಆದೇಶ) ಸಿಕ್ಕರೆ ಕಾಪಿ ಮಾಡಿ ಎಡಿಟರ್‌ಗೆ ಹಾಕುತ್ತೇನೆ. ಒಂದೇ ಸಾಲು, ಬಾಲ ಪರದೆಯ ಬಲಗಡೆ ಎಲ್ಲೋ ಕಾಣೆ. ಶಿಫ್ಟ್, ಆಲ್ಟ್, ಎಫ್ ಒತ್ತಿದರೆ ಈ ಪ್ಲಗಿನ್ ಅದನ್ನು ಮುರಿದು ಸಾಲು ಸಾಲಾಗಿ ಜೋಡಿಸುತ್ತದೆ. ಅಷ್ಟೇ, ‘ಸೆಲೆಕ್ಟ್’ ಮೇಲೆ, ‘ಫ್ರಮ್’ ಅದರ ಕೆಳಗೆ, ಒಂದೊಂದು ‘ಜಾಯಿನ್’ಗೂ ಒಂದೊಂದು ಸಾಲು. ಆ ಕ್ಷಣ ಈಗಲೂ ಖುಷಿ ಕೊಡುತ್ತದೆ.

ಸುಮ್ನೆ ಚೆಂದಕ್ಕೆ ಅಂದುಕೊಂಡಿದ್ದೆ. ಒಮ್ಮೆ ವರದಿಯಲ್ಲಿ ರದ್ದಾದ ಆರ್ಡರ್‌ಗಳೂ ಬರತೊಡಗಿದವು. ಫಾರ್ಮ್ಯಾಟ್ ಮಾಡಿದರೆ ‘ವೇರ್’ ಕೆಳಗೆ ಮೂರು ಷರತ್ತು ಸಾಲಾಗಿ ನಿಂತವು, ನಡುವೆ ಒಂದು ‘ಆ್ಯಂಡ್’, ಒಂದು ‘ಆರ್’, ಬ್ರಾಕೆಟ್ ಮಾತ್ರ ಇಲ್ಲ. ‘ಆ್ಯಂಡ್’ ಮೊದಲು ಗಂಟು ಹಾಕಿಕೊಳ್ಳುತ್ತದೆ, ಹಾಗಾಗಿ ‘ಆರ್’ ಆಚೆಯ ಷರತ್ತಿಗೆ ರದ್ದತಿಯ ತಪಾಸಣೆಯೇ ತಗಲುತ್ತಿರಲಿಲ್ಲ. ಒಂದೇ ಸಾಲಿನಲ್ಲಿದ್ದಾಗ ಹತ್ತು ಸಲ ಓದಿಯೂ ಕಂಡಿರಲಿಲ್ಲ.

ಆಮೇಲೆ ಬಂತು ಪ್ಲಗಿನ್‌ನ ಹೊಸ ಅಪ್‌ಡೇಟ್. ಚಿಕ್ಕ ಷರತ್ತುಗಳನ್ನು ಒಂದೇ ಸಾಲಿಗೆ ಸೇರಿಸುತ್ತೇನೆ ಅಂತ ಹೊರಟಿತು. ಎಸ್‌ಕ್ಯೂಎಲ್‌ನಲ್ಲಿ ಎರಡು ಅಡ್ಡಗೆರೆ (--) ಹಾಕಿದರೆ ಸಾಲಿನ ಕೊನೆವರೆಗೂ ಕಾಮೆಂಟ್, ಅಂದರೆ ಡೇಟಾಬೇಸ್ ಲೆಕ್ಕಕ್ಕೆ ತೆಗೆದುಕೊಳ್ಳದ ಟಿಪ್ಪಣಿ, ಅಲ್ವಾ? ಡೇಟಾ ಬದಲಿಸುವ ನನ್ನ ‘ಅಪ್‌ಡೇಟ್’ ಕ್ವೆರಿಯ ಮೊದಲ ಷರತ್ತಿನ ಪಕ್ಕ ಅಂಥದ್ದೊಂದು ಕಾಮೆಂಟ್ ಇತ್ತು, ಈ ಪುಣ್ಯಾತ್ಮ ಕೆಳಗಿನ ‘ಆ್ಯಂಡ್’ ಸಾಲನ್ನು ಎತ್ತಿ ಅದರ ಬಾಲಕ್ಕೆ ಅಂಟಿಸಿತು. ಷರತ್ತು ಕಾಮೆಂಟ್ ಒಳಗೆ ಹೋಯಿತು. ಎರರ್ ಬರಲಿಲ್ಲ, ಉಳಿದದ್ದೂ ಸರಿಯಾದ ಕ್ವೆರಿಯೇ. ಟೇಬಲ್‌ನ 12 ಸಾಲು ಬದಲಾಗಬೇಕಿದ್ದಲ್ಲಿ 40 ಸಾವಿರ ಅಂತ ತೋರಿಸಿದಾಗ ಬೆವರು ಬಂತು. ಟ್ರಾನ್ಸಾಕ್ಷನ್ ಒಳಗಿದ್ದೆ (ಖಾಯಂ ಮಾಡುವವರೆಗೂ ಬದಲಾವಣೆ ಹಿಂದೆಗೆಯಬಹುದು), ರೋಲ್‌ಬ್ಯಾಕ್ ಮಾಡಿ ಬಚಾವಾದೆ.

ಪೈಥಾನ್ ಭಾಷೆಯ ಫಾರ್ಮ್ಯಾಟರ್ ಬ್ಲ್ಯಾಕ್ ನೋಡಿ. ಸಾಲಿಗೆ 88 ಅಕ್ಷರ ಅಂತ ಅದರದ್ದೇ ಹಟ ಇದ್ದರೂ, ಫಾರ್ಮ್ಯಾಟ್‌ಗೆ ಮೊದಲು ಮತ್ತು ನಂತರ ಕೋಡ್‌ನ ಅರ್ಥ ಒಂದೇ ಇದೆಯಾ ಅಂತ ತಾನೇ ಪಾರ್ಸ್ ಮಾಡಿ (ಕೋಡ್‌ನ ರಚನೆ ಬಿಡಿಸಿ) ಹೋಲಿಸುತ್ತದೆ. ಇದಕ್ಕೆ ಅಷ್ಟು ವಿವೇಕ ಬೇಡವಾ?

ಸಿಟ್ಟಲ್ಲಿ ತೆಗೆದುಹಾಕಿದೆ. ಎರಡು ದಿನ ಒಂಟಿ ಸಾಲುಗಳನ್ನು ಕೈಯಿಂದಲೇ ಮುರಿದು ಸುಸ್ತಾಗಿ ಹಳೇ ವರ್ಷನ್ ಹಾಕಿಕೊಂಡೆ, ಆಟೋ ಅಪ್‌ಡೇಟ್ ಬಂದ್. ಕಾಮೆಂಟ್‌ಗೆ ಈಗ ಸ್ಲ್ಯಾಶ್-ನಕ್ಷತ್ರ (/* */) ಮಾತ್ರ, ಅದಕ್ಕೆ ಮುಗಿಯುವ ಜಾಗ ಅಂತ ಒಂದಿರುತ್ತದೆ. ದುಡ್ಡು ಕೊಟ್ಟರೆ ಟೀಮಿಗೆಲ್ಲ ಒಂದೇ ಸೆಟ್ಟಿಂಗ್ ಸಿಗುತ್ತದಂತೆ. ನಾನು ಒಬ್ಬನೇ, ಪುಕ್ಕಟೆಯದ್ದೇ ಸಾಕು.

ಐದಕ್ಕೆ ಮೂರು. ಆ ಬಗ್ ಸರಿಮಾಡಿದರೆ ನಾಲ್ಕು. ಐದನೆಯದು ಬೇಕಿದ್ದರೆ ಅಲ್ಪವಿರಾಮವನ್ನು ಸಾಲಿನ ಮೊದಲಿಗೆ ಹಾಕುವ ಆಯ್ಕೆ ಕೊಡಲಿ, ಎರಡು ವರ್ಷದಿಂದ ಕೇಳುತ್ತಿದ್ದೇನೆ.