ಹಳೇ ಡೀಸೆಲ್ ಗಾಡಿ ಬ್ರೇಕ್ ಗಟ್ಟಿ ಆದ್ರೆ ತಕ್ಷಣ ಮಾಸ್ಟರ್ ಸಿಲಿಂಡರ್ ಬದಲಾಯಿಸೋಕೆ ಹೋಗ್ಬೇಡಿ

ನಮ್ಮ ಗಾಡಿಲಿ ಪೆಡಲ್ ಒಂದೊಂದ್ಸಲ ಕಲ್ಲಾಗ್ಬಿಡ್ತಿತ್ತು, ಎದ್ದು ನಿಂತು ತುಳಿದಂಗೆ ತುಳಿದ್ರೂ ಗಾಡಿ ನಿಲ್ಲೋಕೆ ಸತಾಯಿಸೋದು, ಅದೂ ಎಂಜಿನ್ ಚೆನ್ನಾಗಿ ಬಿಸಿಯಾದ್ಮೇಲೇ, ಬೆಳಿಗ್ಗೆ ತೆಗೆದಾಗ ಏನೂ ತೊಂದ್ರೆ ಇಲ್ಲ. ಗ್ಯಾರೇಜಲ್ಲಿ ಬಾನೆಟ್ ಕೂಡ ಎತ್ತದೆ ಪ್ಯಾಡ್ ಹೋಗಿದೆ ಅಂದ್ರು. ಪ್ಯಾಡ್ ಆಯ್ತು, ಡಿಸ್ಕ್ ಆಯ್ತು, ಪೆಡಲ್ ತುಳಿದಾಗ ಬ್ರೇಕ್ ಆಯಿಲ್ನ ಚಕ್ರಗಳ ಕಡೆ ತಳ್ಳೋ ಮಾಸ್ಟರ್ ಸಿಲಿಂಡರ್ ಹಾಕಿ, ಆಯಿಲ್‌ಗೆ ಸೇರಿದ ಏರ್ ತೆಗೆದು ಹೊಸ ಬ್ರೇಕ್ ಆಯಿಲ್ಲೂ ಆಯ್ತು, ಪೆಡಲ್ ಹಂಗೇ. ಕೊನೆಗೆ "ಹಳೇ ಗಾಡಿ ಅಲ್ವಾ ಸಾರ್" ಅಂತ ಕೈ ತೊಳ್ಕೊಂಡ್ರು.

ಬ್ರೇಕ್ ಪೆಡಲ್ ಹಗುರ ಮಾಡೋದು ಬೂಸ್ಟರ್ ಅನ್ನೋ ಡಬ್ಬಿ, ಅದು ಕೆಲಸ ಮಾಡೋದು ವ್ಯಾಕ್ಯೂಮ್ ಅಂದ್ರೆ ಗಾಳಿ ಎಳೆದು ಖಾಲಿ ಮಾಡಿದ ಬಲದಿಂದ. ಪೆಟ್ರೋಲ್ ಗಾಡಿಲಿ ಈ ವ್ಯಾಕ್ಯೂಮ್ ಸಾಮಾನ್ಯವಾಗಿ ಎಂಜಿನ್ನೇ ಎಳ್ಕೊಡುತ್ತೆ, ಡೀಸೆಲ್‌ನಲ್ಲಿ ಹಂಗೆ ಸಿಗಲ್ಲ, ಅದಕ್ಕೇ ಬೇರೆ ಪಂಪ್ ಇರುತ್ತೆ, ಕೆಲವದ್ರಲ್ಲಿ ಆಲ್ಟರ್ನೇಟರ್ ಹಿಂದೆ, ಕೆಲವದ್ರಲ್ಲಿ ಕ್ಯಾಮ್‌ಶಾಫ್ಟ್ ತುದಿಗೆ. ಪೆಡಲ್ ಗಟ್ಟಿಯಾದ್ರೆ ಮೊದಲ ಅನುಮಾನ ಈ ಕಡೆಗೆ ಹೋಗ್ಬೇಕು. ಮೆತ್ತಗಾಗಿ ಸ್ಪಂಜ್ ಥರ ಇದ್ರೆ ಏರ್ ಸೇರಿರುತ್ತೆ, ಕಾಲಿಟ್ಟಂಗೇ ನಿಧಾನಕ್ಕೆ ಕೆಳಗಿಳೀತಿದ್ರೆ ಮಾಸ್ಟರ್ ಸಿಲಿಂಡರ್ ಅನ್ನಿ, ಒಪ್ತೀನಿ. ಗಟ್ಟಿಗೂ ಅದಕ್ಕೂ ಏನ್ರೀ ಸಂಬಂಧ?

ನೀವೇ ನೋಡ್ಬಹುದು. ಎಂಜಿನ್ ಆಫ್ ಮಾಡಿ ಪೆಡಲ್ ಗಟ್ಟಿಯಾಗೋವರೆಗೂ ನಾಲ್ಕೈದು ಸಲ ತುಳೀರಿ, ಕಾಲು ಒತ್ತಿ ಹಿಡ್ಕೊಂಡೇ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗೆ ಹೋಗ್ಲೇಬೇಕು. ಹೋಗ್ಲಿಲ್ಲ ಅಂದ್ರೆ ಪಂಪ್, ಪೈಪ್, ಒನ್ ವೇ ವಾಲ್ವ್, ಬೂಸ್ಟರ್ ಈ ನಾಲ್ಕರಲ್ಲೇ ಎಲ್ಲೋ ಇದೆ. ತುಳಿದಾಗ ಕಾಲ ಹತ್ರ ಬುಸ್ ಅಂತ ಎಡೆಬಿಡದೆ ಸದ್ದು ಬಂದ್ರೆ ಬೂಸ್ಟರ್ ಒಳಗಿನ ರಬ್ಬರ್ ಹರಿದಿರೋ ಚಾನ್ಸ್ ಜಾಸ್ತಿ. ಒಂದು ಮಾತು, ನಮ್ಮ ಥರ ಬಿಸಿಯಾದ್ಮೇಲೆ ಮಾತ್ರ ಬರೋ ತೊಂದ್ರೆ ಆದ್ರೆ ತಣ್ಣಗಿರೋವಾಗ ಈ ಟೆಸ್ಟ್ ಪಾಸ್ ಆಗ್ಬಿಡುತ್ತೆ, ಎಂಜಿನ್ ಬಿಸಿಯಾಗಿರೋವಾಗ್ಲೇ ಮಾಡ್ಬೇಕು.

ನಮ್ದು ಬೇರೆ ಮೆಕ್ಯಾನಿಕ್ ಕೈಗೆ ಹೋದಾಗ ಆತ ಬಿಸಿ ಎಂಜಿನ್ ಓಡ್ತಿರೋವಾಗ್ಲೇ ಪಂಪಿಂದ ಬೂಸ್ಟರ್‌ಗೆ ಹೋಗೋ ಪೈಪ್ ಮೇಲೆ ಕೈ ಆಡಿಸ್ದ, ಬೆಂಡ್ ಹತ್ರ ಚಪ್ಪಟೆ ಆಗಿತ್ತು. ಪಂಪಿನ ಆಯಿಲ್ ಕುಡಿದು ಕುಡಿದು ರಬ್ಬರ್ ಉಬ್ಬಿ ಮೆತ್ತಗಾಗಿ, ಮುಟ್ಟಿದ್ರೆ ಬೆರಳಿಗೆ ಕಪ್ಪು ಅಂಟ್ತಿತ್ತು. ತಣ್ಣಗಾದ್ರೆ ಮತ್ತೆ ಗುಂಡಗೆ, ನೋಡೋಕೆ ನಿರಪರಾಧಿ.

ಪೈಪ್ ಹಾಕಿಸುವಾಗ್ಲೂ ಹುಷಾರು, ಕೈಗೆ ಸಿಕ್ಕಿದ ನೀರಿನ ಪೈಪೋ ಡೀಸೆಲ್ ಪೈಪೋ ಕತ್ತರಿಸಿ ಸಿಗಿಸ್ಬಿಡ್ತಾರೆ, ಅದು ವ್ಯಾಕ್ಯೂಮ್ ತಡೆಯಲ್ಲ. ಬ್ರೇಕ್ ಬೂಸ್ಟರ್‌ದೇ ಕೇಳಿ ಹಾಕಿಸಿ, ವಾಲ್ವ್ ಉಲ್ಟಾ ಕೂತಿಲ್ವಾ ಅಂತಾನೂ ನೋಡ್ಕೊಳ್ಳಿ.