ಸ್ಟೀಮ್ ಐರನ್ ಬಾಕ್ಸ್: ಬ್ರಾಂಡ್ ಆಮೇಲೆ, ಮೊದಲು ಪ್ಲಗ್ಗು ಮತ್ತು ನೀರು

ಸ್ಟೀಮ್ ಐರನ್ ಬಾಕ್ಸ್ ತೆಗೆದುಕೊಳ್ಳುವ ಮುಂಚೆ ಮನೆಯ ಪ್ಲಗ್ ಪಾಯಿಂಟ್ ನೋಡಿ. ಸಣ್ಣ ಪಾಯಿಂಟ್ 6 ಆಂಪಿಯರ್‌ದು. ನಮ್ಮ 230 ವೋಲ್ಟಿಗೆ ಲೆಕ್ಕ ಹಾಕಿದರೆ 1,400 ವ್ಯಾಟ್ ಕೂಡ ಮುಟ್ಟುವುದಿಲ್ಲ. ಆದರೆ ಚೆನ್ನಾಗಿ ಆವಿ ಬಿಡುವ ಐರನ್ ಬಾಕ್ಸ್‌ಗಳೆಲ್ಲ 2,000, 2,400 ವ್ಯಾಟಿನವು. ಅವಕ್ಕೆ ಗೀಸರಿಗೆ ಇರುವಂಥ 16 ಆಂಪಿಯರ್ ದೊಡ್ಡ ಪಾಯಿಂಟೇ ಬೇಕು. ಹಳೆ ಮನೆಗಳಲ್ಲಿ ರೂಮಿನೊಳಗೆ ಅದೆಲ್ಲಿರುತ್ತದೆ ಹೇಳಿ? ಮೈಸೂರಿನ ವಿಜಯನಗರದ ನಮ್ಮ ಬಾಡಿಗೆ ಮನೆಯಲ್ಲಿ ಅಡುಗೆಮನೆ ಬಾಗಿಲ ಪಕ್ಕ ಒಂದು ಸಿಕ್ಕಿತು. ಹಾಗಾಗಿ ಬೆಳಿಗ್ಗೆ ಇಸ್ತ್ರಿ ಅಲ್ಲೇ, ಒಗ್ಗರಣೆ ಘಾಟಿನ ಮಧ್ಯೆ. ಕನ್ವರ್ಟರ್ ಪಿನ್ ಹಾಕಿ ಸಣ್ಣ ಪಾಯಿಂಟಿಗೆ ಚುಚ್ಚುವ ಬುದ್ಧಿವಂತಿಕೆ ಮಾತ್ರ ಬೇಡ, ಸಾಕೆಟ್ ಸುಟ್ಟು ಹೋಗುತ್ತೆ.

ನಾನು ಮೈಸೂರಿನಿಂದ ಮಂಡ್ಯಕ್ಕೆ ದಿನಾ ರೈಲಿನಲ್ಲಿ ಓಡಾಡುವವನು, ಬ್ಯಾಂಕ್ ಕೆಲಸ. ಕಾಟನ್ ಮತ್ತು ಲಿನನ್ ಶರ್ಟುಗಳೇ ಜಾಸ್ತಿ. ಬೀದಿ ಕೊನೆಯ ಇಸ್ತ್ರಿ ಅಂಗಡಿಯವರು ಇದ್ದಿಲಿನ ಪೆಟ್ಟಿಗೆಯಲ್ಲಿ ಉಜ್ಜಿ ಕೊಡುವ ಮಡಿಕೆ ಯಾವ ಮೆಷಿನ್ನಿಗೂ ಬರುವುದಿಲ್ಲ, ಒಪ್ಪುತ್ತೇನೆ. ಆದರೆ ಹಬ್ಬ, ಮದುವೆ ಸೀಸನ್ ಬಂದರೆ ಅವರ ಹತ್ತಿರ ಬಟ್ಟೆ ವಾಪಸ್ ಸಿಗುವುದೇ ಕಷ್ಟ. ಹಾಗಾಗಿ ಎರಡು ವರ್ಷದ ಕೆಳಗೆ 2,000 ವ್ಯಾಟಿನ ಒಂದು ಸ್ಟೀಮ್ ಐರನ್ ತಂದೆ. ಅದಕ್ಕೂ ಮುಂಚೆ ಮನೆಯಲ್ಲಿದ್ದದ್ದು 1,250 ವ್ಯಾಟಿನದು. ಹೆಸರಿಗೆ ಸ್ಟೀಮ್, ಬಿಡುತ್ತಿದ್ದದ್ದು ಉಗುರು ಬೆಚ್ಚಗಿನ ಉಸಿರು. ಲಿನನ್ ಶರ್ಟಿನ ಮೊಣಕೈ ಹತ್ತಿರದ ಸುಕ್ಕು ಇದ್ದ ಹಾಗೇ ಇರುತ್ತಿತ್ತು.

ಅಂಗಡಿಯಲ್ಲಿ ತಳದಲ್ಲಿ ಎಷ್ಟು ತೂತು ಇದೆ ಅಂತ ತೋರಿಸಿ ಮರುಳು ಮಾಡುತ್ತಾರೆ. ತೂತಿನ ಲೆಕ್ಕ ಬಿಡಿ, ಡಬ್ಬದ ಪಕ್ಕದಲ್ಲಿ ನಿಮಿಷಕ್ಕೆ ಎಷ್ಟು ಗ್ರಾಂ ಆವಿ ಅಂತ ಸಣ್ಣಕ್ಷರದಲ್ಲಿ ಬರೆದಿರುತ್ತೆ, ಅದನ್ನು ಹುಡುಕಿ ಓದಿ. 15–20 ಗ್ರಾಂ ಇದ್ದರೆ ತೆಳು ಟೆರಿಕಾಟಿಗೆ ಸಾಕು. ದಪ್ಪ ಕಾಟನ್, ಲಿನನ್‌ಗೆ 30ಕ್ಕಿಂತ ಮೇಲಿರಲಿ. ಐಎಸ್ಐ ಗುರುತು ಇದೆಯಾ ನೋಡಿಕೊಳ್ಳಿ. ಆಮೇಲೆ ಕೈಯಲ್ಲಿ ಎತ್ತಿ ನೋಡಿ. ಟ್ಯಾಂಕಿಗೆ ಕಾಲು ಲೀಟರ್ ನೀರು ತುಂಬಿದರೆ ಕಾಲು ಕೆಜಿ ಜಾಸ್ತಿಯಾಗುತ್ತೆ, ಅಂಗಡಿಯಲ್ಲಿ ಖಾಲಿ ಎತ್ತಿದಾಗ ಅದು ಗೊತ್ತಾಗಲ್ಲ.

ಈಗ ನೀರಿನ ವಿಷಯ. ಸ್ಟೀಮ್ ಐರನ್ ಕೆಡುವುದೇ ಇಲ್ಲಿ. ಬೋರ್‌ವೆಲ್ ನೀರಿನಲ್ಲಿ ಸುಣ್ಣದಂಶ ಜಾಸ್ತಿ. ಬಿಸಿ ತಳದ ಮೇಲೆ ನೀರು ಆವಿಯಾದಾಗ ಸುಣ್ಣ ಮಾತ್ರ ಒಳಗೇ ಉಳಿದು ತೂತುಗಳನ್ನು ಮುಚ್ಚುತ್ತೆ. ಹಳೆಯದು ಒಂದು ದಿನ ಬಿಳಿ ಶರ್ಟಿನ ಜೇಬಿನ ಮೇಲೆ ಕಾಫಿ ಬಣ್ಣದ ನೀರು ಕಾರಿತು, ಮೇಲೆ ಪುಡಿ ಪುಡಿ ಬಿಳಿ ಚೂರು. ರೈಲಿನ ಟೈಮು ಬೇರೆ! ಹೊಸದಕ್ಕೆ ಕಾವೇರಿ ನಲ್ಲಿ ನೀರು, ಅದು ಬರದ ದಿನ ಆರ್‌ಒ ನೀರು ಅರ್ಧ, ಬೋರ್‌ವೆಲ್ ನೀರು ಅರ್ಧ. ಆರ್‌ಒ ಮೆಷಿನ್ನಿನಿಂದ ಹೊರಗೆ ಹೋಗುವ ವೇಸ್ಟ್ ನೀರನ್ನು ಬಕೆಟ್ಟಿನಲ್ಲಿ ಹಿಡಿದಿಟ್ಟಿರುತ್ತೇವಲ್ಲ, ಅದನ್ನು ಹಾಕಲೇಬೇಡಿ. ಉಪ್ಪು, ಸುಣ್ಣ ಎಲ್ಲ ಸೇರಿಕೊಂಡಿರುವುದು ಅದರಲ್ಲೇ. ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ಕ್ಯಾನ್ ನಡೆಯುತ್ತೆ, ಆದರೆ ಲೇಬಲ್ ಓದಿ ತನ್ನಿ, ಪಕ್ಕದಲ್ಲೇ ಆಸಿಡ್ ಕ್ಯಾನೂ ಇರುತ್ತೆ. ಸೆಂಟು, ವಿನೆಗರ್ ಟ್ಯಾಂಕಿಗೆ ಬೇಡ.

ತಿಂಗಳಿಗೊಮ್ಮೆ ಸೆಲ್ಫ್ ಕ್ಲೀನ್ ಮಾಡುತ್ತೇನೆ. ಟ್ಯಾಂಕ್ ತುಂಬಿ, ಪೂರ್ತಿ ಕಾಯಿಸಿ, ಪ್ಲಗ್ ಕಿತ್ತು, ಸಿಂಕಿನ ಮೇಲೆ ಅಡ್ಡ ಹಿಡಿದು ಬಟನ್ ಒತ್ತಿ ಅಲ್ಲಾಡಿಸಿದರೆ ಬುಸ್ ಅಂತ ಆವಿ ಜೊತೆ ಸುಣ್ಣದ ಚೂರು ಉದುರುತ್ತೆ. ಕೈ ಹುಷಾರು. ಕೆಲಸ ಮುಗಿದ ಮೇಲೆ ದಿನಾ ಉಳಿದ ನೀರು ಚೆಲ್ಲಿ, ನಿಲ್ಲಿಸಿ ಇಡಿ.

ಎರಡು ವರ್ಷ ಆದಮೇಲೂ ಆವಿ ಕಡಿಮೆಯಾಗಿಲ್ಲ. ಕೊರತೆ ಇಲ್ಲ ಅಂತಲ್ಲ. ಟ್ಯಾಂಕ್ ಕಡು ನೀಲಿ ಬಣ್ಣದ್ದು, ನೀರು ಎಷ್ಟಿದೆ ಅಂತ ಬೆಳಕಿಗೆ ಹಿಡಿಯದೆ ಕಾಣಲ್ಲ. ಶಾಖದ ಡಯಲನ್ನು ಒಂದು ಚುಕ್ಕೆಯ ಗುರುತಿಗೆ, ಅಂದರೆ ಕಡಿಮೆ ಶಾಖಕ್ಕೆ ಇಟ್ಟು ಸ್ಟೀಮ್ ಒತ್ತಿದರೆ ತೊಟ್ಟಿಕ್ಕುತ್ತೆ, ತಳ ಸಾಕಷ್ಟು ಕಾಯದೆ ನೀರು ಆವಿಯಾಗುವುದಾದರೂ ಹೇಗೆ? ಎರಡು ಚುಕ್ಕೆ ದಾಟಿದ ಮೇಲೆ ಒತ್ತಿದರೆ ಈ ತಾಪತ್ರಯ ಇಲ್ಲ. ವೈರು ಗಿಡ್ಡ. ಕರೆಂಟ್ ಬಿಲ್ಲಿನ ಭಯ ಸುಮ್ನೆ. ಅರ್ಧ ಗಂಟೆ ಪೂರ್ತಿ ಉರಿದರೂ ಒಂದು ಯೂನಿಟ್, ನಡುನಡುವೆ ಥರ್ಮೋಸ್ಟಾಟ್ ಆಫ್ ಆಗುವುದರಿಂದ ಅಷ್ಟೂ ಆಗಲ್ಲ.

ಇನ್ನೊಂದು, ಶರ್ಟ್ ಉಜ್ಜಿದ ತಕ್ಷಣ ಹಾಕಿಕೊಂಡು ಹೊರಡಬೇಡಿ. ಬಟ್ಟೆಯಲ್ಲಿ ಇನ್ನೂ ಪಸೆ ಇರುತ್ತೆ, ಸೀಟಿನಲ್ಲಿ ಕೂತರೆ ಬೆನ್ನ ಮೇಲೆ ಹೊಸ ಸುಕ್ಕು ಗ್ಯಾರಂಟಿ. ಐದು ನಿಮಿಷ ಹ್ಯಾಂಗರಿಗೆ ಹಾಕಿ, ಅಷ್ಟರಲ್ಲಿ ತಿಂಡಿ ಮುಗಿಯುತ್ತೆ.

ಮನೆಯವಳ ಮೈಸೂರು ಸಿಲ್ಕ್ ಸೀರೆಗಳಿಗೆ ಈ ಸ್ಟೀಮ್ ಬಳಸುವುದಿಲ್ಲ. ರೇಷ್ಮೆ ಮೇಲೆ ನೀರು ತೊಟ್ಟಿಕ್ಕಿದರೆ ಕಲೆ ನಿಲ್ಲುತ್ತೆ. ಒಳಮೈ ತಿರುಗಿಸಿ, ಕಡಿಮೆ ಶಾಖದಲ್ಲಿ, ಜರಿ ಮೇಲೆ ತೆಳು ಕಾಟನ್ ಬಟ್ಟೆ ಹಾಸಿ ಹಳೆ ಡ್ರೈ ಐರನ್ನಿನಲ್ಲೇ ಆಗಬೇಕು. ಗಂಜಿ ಹಾಕಿದ ಸೀರೆಗಳಿಗೂ ಅದೇ, ಯಾಕಂದರೆ ಗಂಜಿ ಸುಟ್ಟು ಸ್ಟೀಮ್ ತೂತಿನ ಬಾಯಿಗೆ ಅಂಟಿದರೆ ಕೆರೆಯುವುದು ದೊಡ್ಡ ಕೆಲಸ. ಡ್ರೈ ಐರನ್ ಇದ್ದರೆ ಎಕ್ಸ್‌ಚೇಂಜಿಗೆ ಕೊಡಬೇಡಿ, ಅವರು ಕೊಡುವ ಇನ್ನೂರು ಮುನ್ನೂರಕ್ಕೆ ಇನ್ನೊಂದು ಬರಲ್ಲ.