ಕೋಲೂ ಹೌದು, ಕ್ಯಾಮೆರಾಗೆ ಕಾಲೂ ಹೌದು: ಕೊಡಗಿನ ದಾರಿಗೆ ಯಾವುದು ಸರಿ?

ಕೊಡಗಿನಲ್ಲಿ ಫೋಟೋ ತೆಗೆಯುವವರಿಗೆ ಎರಡು ಕಷ್ಟ. ಒಂದು, ಬೆಳಕು ಸಾಲದು. ಕಾಫಿ ತೋಟದೊಳಗೆ ಮಧ್ಯಾಹ್ನವೂ ನೆರಳೇ, ಮಳೆಗಾಲದಲ್ಲಿ ಮಂಜು ಬೇರೆ. ಎರಡು, ಕಾಲು ಜಾರುತ್ತದೆ. ಬೆಳಕಿನ ಕಷ್ಟಕ್ಕೆ ಕ್ಯಾಮೆರಾ ಅಲುಗದಂತೆ ಹಿಡಿಯುವ ಮೂರು ಕಾಲಿನ ಟ್ರೈಪಾಡ್ ಬೇಕು, ಜಾರುವುದಕ್ಕೆ ಕೋಲು ಬೇಕು. ಈ ಎರಡೂ ಕೆಲಸ ಮಾಡುವ ಟ್ರೆಕಿಂಗ್ ಪೋಲ್‌ಗಳು ಸಿಗುತ್ತವೆ. ಹಿಡಿಕೆಯ ತುದಿಯ ಗುಂಡಿ ತಿರುಗಿಸಿ ತೆಗೆದರೆ ಒಳಗೆ ಕಾಲು ಇಂಚಿನ ಸ್ಕ್ರೂ. ಅದರ ಮೇಲೆ ಕ್ಯಾಮೆರಾ ಕೂರುತ್ತದೆ. ಇದನ್ನೂ, ಕ್ಯಾಮೆರಾಗೆಂದೇ ಮಾಡಿದ ಒಂಟಿ ಕಾಲಿನ ಮಾಮೂಲಿ ಮಾನೋಪಾಡನ್ನೂ, ಸಣ್ಣ ಟ್ರಾವೆಲ್ ಟ್ರೈಪಾಡನ್ನೂ ಇಲ್ಲಿನ ದಾರಿಗಳಲ್ಲಿ ಹೊತ್ತು ನೋಡಿದ್ದೇನೆ.

ಮೊದಲು ನಡಿಗೆ. ತಡಿಯಂಡಮೋಳ್ 1748 ಮೀಟರ್, ಜಿಲ್ಲೆಯಲ್ಲೇ ಎತ್ತರದ ಬೆಟ್ಟ. ಕಕ್ಕಬ್ಬೆ ಕಡೆಯಿಂದ ನಾಲ್ಕುನಾಡು ಅರಮನೆ ದಾಟಿ ಹತ್ತುವಾಗ ಮೊದಮೊದಲು ಸಲೀಸು, ಕೊನೆಗೆ ಕಡಿದಾದ ಏರು. ಅಸಲಿ ಪರೀಕ್ಷೆ ಇಳಿಯುವಾಗ, ಮಂಡಿಗೆ. ಇಲ್ಲಿ ಜೋಡಿ ಕೆಲಸದ ಕೋಲಿಗೆ ಎದುರಿಲ್ಲ. ತುದಿಯ ಕಾರ್ಬೈಡ್ ಮೊನೆ ಒದ್ದೆ ಬಂಡೆಯನ್ನೂ ಕಚ್ಚಿ ಹಿಡಿಯುತ್ತದೆ. ಮೊನೆಯ ಮೇಲಿನ ಪ್ಲಾಸ್ಟಿಕ್ ಬಿಲ್ಲೆ ಕೋಲು ಕೆಸರಿನಲ್ಲಿ ಹೂತುಹೋಗದಂತೆ ತಡೆಯುತ್ತದೆ. ಮಾನೋಪಾಡನ್ನು ಊರಿಕೊಂಡು ನಡೆಯಬಹುದು ಅಂತ ಹಲವರು ಹೇಳುತ್ತಾರೆ. ಟಾರು ರಸ್ತೆಯಲ್ಲಿ ಸರಿ. ಆದರೆ ಅದರ ಅಡಿಯಲ್ಲಿ ಇರುವುದು ರಬ್ಬರ್ ಉಂಡೆ, ಪಾಚಿ ಕಟ್ಟಿದ ಕಲ್ಲಿನ ಮೇಲೆ ಸರಕ್ಕನೆ ಜಾರುತ್ತದೆ. ಅದರ ಲಾಕುಗಳು ಕ್ಯಾಮೆರಾ ಹೊರಲು ಮಾಡಿದವು, ಮೈಭಾರದ ಕುಲುಕಾಟ ತಡೆಯಲು ಅಲ್ಲ.

ಫೋಟೋಗೆ ನಿಂತಾಗ ಕಥೆ ತಿರುಗುತ್ತದೆ. ನಡೆಯುವ ಕೋಲು ಮೊಣಕೈ ಎತ್ತರಕ್ಕೆ ಇರಬೇಕು, ಕ್ಯಾಮೆರಾ ಕಣ್ಣಿನ ಎತ್ತರಕ್ಕೆ. ಬಹಳಷ್ಟು ಟ್ರೆಕಿಂಗ್ ಪೋಲ್‌ಗಳು ಪೂರ್ತಿ ಎಳೆದರೂ 130–135 ಸೆಂಟಿಮೀಟರಿಗೆ ಮುಗಿಯುತ್ತವೆ. ಅಂದರೆ ಎದೆಮಟ್ಟ. ಕ್ಯಾಮೆರಾದ ಪರದೆ ಮೇಲಕ್ಕೆ ತಿರುಗಿದರೆ ತೊಂದರೆ ಇಲ್ಲ, ಇಲ್ಲದಿದ್ದರೆ ಬೆನ್ನು ಬಗ್ಗಿಸಲೇಬೇಕು. ಮಾನೋಪಾಡ್ ಆರಾಮಾಗಿ ಕಣ್ಣಿನವರೆಗೆ ಬರುತ್ತದೆ. ನಾನಂತೂ ದಾರಿಬದಿಯ ಕಲ್ಲಿನ ಮೇಲೆ ಕೂತೇ ತೆಗೆಯುತ್ತೇನೆ. ಕೋಲಿನ ಉದ್ದವೂ ಸಾಕಾಗುತ್ತದೆ, ಕೈಯೂ ನಡುಗುವುದಿಲ್ಲ.

ಎಷ್ಟು ಅಲುಗಾಟ ತಪ್ಪುತ್ತದೆ? 200 ಮಿ.ಮೀ. ಲೆನ್ಸನ್ನು ಬರಿಗೈಯಲ್ಲಿ ಹಿಡಿದರೆ ಶಟರ್ (ಬೆಳಕು ಒಳಬಿಡುವ ಬಾಗಿಲು) 1/200 ಸೆಕೆಂಡಿಗಿಂತ ನಿಧಾನ ಆಗಬಾರದು ಅನ್ನುವುದು ಹಳೆಯ ಲೆಕ್ಕ. ಕೋಲಿನ ಮೇಲೆ 1/50ಕ್ಕೂ ಚಿತ್ರ ಚೊಕ್ಕವಾಗಿ ಬರುತ್ತದೆ. ತೋಟದಲ್ಲಿ ಕೆಂದಳಿಲು ಕೊಂಬೆಯ ಮೇಲೆ ಕೂತು ತಿನ್ನುವಾಗ ಇಷ್ಟು ಸಾಕು. ಕೋಲನ್ನು ಸಿಲ್ವರ್ ಓಕ್ ಮರಕ್ಕೆ ಒತ್ತಿ ಹಿಡಿದರೆ ಶಟರನ್ನು ಇನ್ನೂ ಒಂದು ಹಂತ ನಿಧಾನ ಮಾಡಬಹುದು. ಮೆಣಸಿನ ಬಳ್ಳಿ ಹಬ್ಬಿದ ಮರ ಬೇಡ, ಬಳ್ಳಿಗೆ ಪೆಟ್ಟಾದರೆ ತೋಟದವರು ಸುಮ್ನೆ ಬಿಡ್ತಾರಾ? ಕೆಲವು ಕೋಲುಗಳ ಒಳಗೆ ಕುಲುಕು ತಡೆಯುವ ಸ್ಪ್ರಿಂಗ್ ಇರುತ್ತದೆ. ಕ್ಯಾಮೆರಾ ಏರಿಸುವ ಮೊದಲು ಅದನ್ನು ಲಾಕ್ ಮಾಡಲೇಬೇಕು, ಇಲ್ಲವಾದರೆ ಕೋಲು ಇದ್ದೂ ಇಲ್ಲದಂತೆ.

ಅಡ್ಡ ಫೋಟೋ ಬಿಟ್ಟು ಉದ್ದ ಫೋಟೋ ಬೇಕೆಂದರೆ ಕ್ಯಾಮೆರಾವನ್ನು ಬೇಕಾದ ಕಡೆಗೆ ವಾಲಿಸುವ ಒಂದು ಪುಟ್ಟ ಬಾಲ್ ಹೆಡ್ ಬೇಕು. ಕೋಲಿಗೂ ಅಷ್ಟೇ, ಮಾನೋಪಾಡಿಗೂ ಅಷ್ಟೇ.

ಇನ್ನು ಟ್ರೈಪಾಡ್. ಸೋಮವಾರಪೇಟೆ ಕಡೆಯ ಮಲ್ಲಳ್ಳಿ ಜಲಪಾತಕ್ಕೆ ಹೋಗುವವರು ಇದನ್ನು ಬಿಟ್ಟು ಹೋಗಬೇಡಿ. ಕುಮಾರಧಾರಾ ನದಿ ಅಲ್ಲಿ ಸುಮಾರು 60 ಮೀಟರ್ ಧುಮುಕುತ್ತದೆ. ನೀರು ಹಾಲಿನ ಹಾಗೆ ನುಣ್ಣಗೆ ಕಾಣಬೇಕಾದರೆ ಅರ್ಧ ಸೆಕೆಂಡಾದರೂ ಶಟರ್ ತೆರೆದಿರಬೇಕು. ಒಂಟಿ ಕಾಲಿನ ಯಾವ ಕೋಲಿಗೂ ಇದು ಆಗದ ಕೆಲಸ, ಎಷ್ಟೇ ಉಸಿರು ಬಿಗಿ ಹಿಡಿದರೂ. ಆದರೆ ಒಂದೂಕಾಲು ಕೆ.ಜಿ. ಹೊತ್ತು ಮೆಟ್ಟಿಲು ಇಳಿದು ಮತ್ತೆ ಹತ್ತಬೇಕು. ಮಳೆಗಾಲದಲ್ಲಿ ಕಾಡಿನ ದಾರಿಯಲ್ಲಿ ಮೂರು ಕಾಲು ಬಿಡಿಸಿ ಸರಿಮಾಡುವಷ್ಟರಲ್ಲಿ ಜಿಗಣೆ ಸಾಕ್ಸ್ ದಾಟಿರುತ್ತದೆ. ಕೋಲಾದರೆ ನಿಂತು, ಒತ್ತಿ, ಹೊರಟುಬಿಡಬಹುದು.

ಹಾಗಾಗಿ ಜಲಪಾತಕ್ಕೇ ಅಂತ ಹೊರಟ ದಿನ ಬೆನ್ನಿಗೆ ಟ್ರೈಪಾಡ್, ಬೆಟ್ಟಕ್ಕೂ ತೋಟಕ್ಕೂ ಕೈಯಲ್ಲಿ ಕೋಲು. ಮಾನೋಪಾಡ್ ಮನೆಯಲ್ಲೇ ಉಳಿಯುತ್ತದೆ. ಬಯಲಿನಲ್ಲಿ ಹಾಕಿ ಪಂದ್ಯ ನಡೆಯುವಾಗ ಮಾತ್ರ ಅದನ್ನು ಒಯ್ಯುತ್ತೇನೆ.

ಕೋಲು ಕೊಳ್ಳುವಾಗ ತಿರುಪಿ ಬಿಗಿಯುವುದಕ್ಕಿಂತ ಹೊರಗೆ ಕ್ಲಿಪ್ ಇರುವ ಲಾಕು ನೋಡಿ. ಒದ್ದೆ ಕೈಯಲ್ಲೂ ಬಿಗಿಯಾಯಿತೋ ಇಲ್ಲವೋ ಗೊತ್ತಾಗುತ್ತದೆ. ಮನೆಗೆ ಬಂದ ಮೇಲೆ ಭಾಗಗಳನ್ನು ಬಿಚ್ಚಿ, ಕೆಸರು ಒರೆಸಿ, ನೆರಳಲ್ಲಿ ಒಣಗಿಸಿ. ಎಣ್ಣೆ ಮಾತ್ರ ಹಚ್ಚಬೇಡಿ, ಲಾಕು ಹಿಡಿಯುವುದನ್ನೇ ಬಿಟ್ಟುಬಿಡುತ್ತದೆ.